ಬರೋದಿಲ್ಲ ಅಂದುಕೊಂಡವರು ಬಂದ ದಿನ

ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ. ಕಳೆದ ಚುನಾವಣೆಯಲ್ಲಿ ನಿಮ್ಮ ಕ್ಷೇತ್ರದ ಟಿಕೆಟ್ ಯಾರಿಗೆ ಕೊಡೋಣ ಅಂತ ನಿಮ್ಮ ಪಕ್ಷದವರು ನಿಮ್ಮನ್ನು ಕೇಳಿದರಾ? ಕೇಳಿದ್ದರೆ ಕೈ ಎತ್ತಿ. ಯಾರೂ ಇಲ್ಲ. ಹಿಂದಿನ ಸಾಲಿನಲ್ಲಿ ಒಬ್ಬರು ನಕ್ಕರು, ಅಷ್ಟೇ. ನಮಗೆ ಟಿಕೆಟ್ ಅಂದರೆ ದೆಹಲಿ ವಿಮಾನ, ಹೈಕಮಾಂಡ್, ಮೊದಲನೇ ಪಟ್ಟಿ, ಮೂರನೇ ಪಟ್ಟಿ, ಕೊನೇ ರಾತ್ರಿ ಕೈಗೆ ಸಿಗುವ ಬಿ ಫಾರಂ. ಸಿಗದವರು ಟಿವಿ ಮುಂದೆ ಕಣ್ಣೀರು ಹಾಕುತ್ತಾರೆ. ಮಾರನೇ ದಿನ ಬಂಡಾಯ ಅಭ್ಯರ್ಥಿ ಆಗುತ್ತಾರೆ.

ಅಮೆರಿಕದಲ್ಲಿ ಈ ಬಂಡಾಯಕ್ಕೆ ಸರ್ಕಾರವೇ ದಿನ ಗೊತ್ತು ಮಾಡಿ, ಮತಗಟ್ಟೆ ಇಟ್ಟು, ಓಟು ಎಣಿಸಿ ಕೊಡುತ್ತದೆ. ಅದಕ್ಕೆ ಪ್ರೈಮರಿ ಅಂತ ಹೆಸರು. ನವೆಂಬರ್‌ನಲ್ಲಿ ಪಕ್ಷ ಪಕ್ಷಗಳ ನಡುವೆ ಚುನಾವಣೆ. ಅದಕ್ಕೂ ಮುಂಚೆ ಒಂದೇ ಪಕ್ಷದೊಳಗೆ ಈ ಪ್ರೈಮರಿ. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ನ್ಯೂಯಾರ್ಕ್‌ನಲ್ಲಿ ಹೇಗೆ ಅಂದರೆ, ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿಯಲ್ಲೇ ಪಕ್ಷದ ಹೆಸರಿನ ಮುಂದೆ ಗುರುತು ಹಾಕುವ ಜಾಗ ಇರುತ್ತದೆ. ಡೆಮಾಕ್ರಟಿಕ್ ಅಂತ ಗುರುತು ಹಾಕಿದವರು ಮಾತ್ರ ಆ ಪಕ್ಷದ ಪ್ರೈಮರಿಯಲ್ಲಿ ಓಟು ಹಾಕಬಹುದು. ಸದಸ್ಯತ್ವದ ರಸೀದಿ ಬೇಡ, ಪಕ್ಷದ ಕಚೇರಿಗೆ ಹೋಗಿ ಯಾರಿಗೂ ನಮಸ್ಕಾರ ಹಾಕಬೇಕಿಲ್ಲ.

ನ್ಯೂಯಾರ್ಕ್ ನಗರದ ಬಹುಪಾಲು ಕ್ಷೇತ್ರಗಳಲ್ಲಿ ಡೆಮಾಕ್ರಟಿಕ್ ಟಿಕೆಟ್ ಸಿಕ್ಕರೆ ಮುಗಿಯಿತು, ನವೆಂಬರ್ ಬರೀ ಶಾಸ್ತ್ರ. ಹಾಗಾಗಿ ಜಗಳ ಏನಿದ್ದರೂ ಜೂನ್‌ನಲ್ಲೇ. ತಮಾಷೆ ಏನು ಗೊತ್ತಾ? ಆ ನಿಜವಾದ ಚುನಾವಣೆಗೆ ಓಟು ಹಾಕಲು ಬರುವವರು ತೀರಾ ಕಡಿಮೆ. ಮಕ್ಕಳಿಗೆ ಶಾಲೆ ಮುಗಿಯುವ ಸಮಯ, ಸೆಕೆ, ಮಂಗಳವಾರ, ಆಫೀಸಿಗೆ ರಜೆ ಇಲ್ಲ.

ಇವತ್ತಿನ ವಿಷಯ ಉತ್ಸಾಹ. ಹಳೇ ನಾಯಕನ ಎದುರು ಪಕ್ಷದೊಳಗಿಂದಲೇ ಹೊಸಬ ಒಬ್ಬ ಎದ್ದು, ಬಡವರ ಬಾಡಿಗೆ, ಬಸ್ಸು, ಆಸ್ಪತ್ರೆ ಅಂತ ಮಾತಾಡಿದಾಗ ಜನರಲ್ಲಿ ಹುಟ್ಟುವ ಉತ್ಸಾಹ. ಪತ್ರಿಕೆಗಳು ಅದನ್ನು ಗಾಳಿ, ಅಲೆ ಅಂತೆಲ್ಲ ಕರೆಯುತ್ತವೆ. ನಾನು ಗಾಳಿಯ ಬಗ್ಗೆ ಮಾತಾಡುವುದಿಲ್ಲ. ಪಟ್ಟಿಯ ಬಗ್ಗೆ ಮಾತಾಡುತ್ತೇನೆ.

ಯಾಕೆ ಅಂದರೆ ನನಗೆ ಗೊತ್ತಿರುವುದು ಅದೇ. ಕಾಲೇಜಿನಲ್ಲಿ ಪಾಠ ಮಾಡಿಕೊಂಡಿದ್ದ ಅಷ್ಟೂ ವರ್ಷ ಚುನಾವಣೆ ಡ್ಯೂಟಿ ತಪ್ಪಿದ್ದಿಲ್ಲ. ಮತಗಟ್ಟೆಯಲ್ಲಿ ನಮ್ಮ ಮುಂದೆ ಒಂದು ಪಟ್ಟಿ ಇರುತ್ತದೆ. ಬಂದವರ ಹೆಸರಿಗೆ ಕೆಂಪು ಇಂಕಿನಲ್ಲಿ ಗೆರೆ ಎಳೆಯುತ್ತೇವೆ. ಸಂಜೆ ಆರು ಗಂಟೆಗೆ ಆ ಪಟ್ಟಿ ನೋಡಿದರೆ ಇಡೀ ಊರು ಕಾಣುತ್ತದೆ. ಯಾವ ಮನೆಯಿಂದ ಐದೂ ಜನ ಬಂದರು, ಯಾವ ಬೀದಿ ಖಾಲಿ, ಎಲ್ಲ ಗೊತ್ತಾಗುತ್ತದೆ. ಯಾರಿಗೆ ಹಾಕಿದರು ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ.

ಅಮೆರಿಕದಲ್ಲಿ ಈ ಮಾಹಿತಿ ಪಕ್ಷಗಳ ಕೈಗೆ ಸಿಗುತ್ತದೆ. ಯಾರು ಯಾವ ವರ್ಷ, ಯಾವ ಪ್ರೈಮರಿಗೆ ಬಂದಿದ್ದರು ಅನ್ನುವುದು. ಪ್ರತಿ ಸಲವೂ ತಪ್ಪದೆ ಬರುವವರನ್ನು ಅಲ್ಲಿನ ಕಾರ್ಯಕರ್ತರು ಪ್ರೈಮ್ ವೋಟರ್ ಅನ್ನುತ್ತಾರೆ. ಸಾಮಾನ್ಯವಾಗಿ ವಯಸ್ಸಾದವರು, ಸ್ವಂತ ಮನೆ ಇರುವವರು, ಅದೇ ಬೀದಿಯಲ್ಲಿ ಮೂವತ್ತು ವರ್ಷದಿಂದ ಇರುವವರು. ದುಡ್ಡು, ಸಮಯ ಎರಡೂ ಕಡಿಮೆ ಇದ್ದಾಗ ಪ್ರಚಾರಕ್ಕೆ ಯಾರ ಮನೆಗೆ ಹೋಗುತ್ತೀರಿ? ಬರುವವರ ಮನೆಗೇ. ಬಾರದವರ ಮನೆಗೆ ಹೋಗುವುದು ದಂಡ ಅನ್ನುವುದು ಲೆಕ್ಕ. ಹಾಗಾಗಿ ಬಾರದವರ ಬಾಗಿಲಿಗೆ ಯಾರೂ ಹೋಗುವುದಿಲ್ಲ. ಯಾರೂ ಬರಲಿಲ್ಲ ಅಂತ ಅವರೂ ಹೋಗುವುದಿಲ್ಲ. ಪಟ್ಟಿ ವರ್ಷದಿಂದ ವರ್ಷಕ್ಕೆ ತನ್ನನ್ನು ತಾನೇ ನಿಜ ಮಾಡಿಕೊಳ್ಳುತ್ತಾ ಹೋಗುತ್ತದೆ. ಸಮೀಕ್ಷೆ ಮಾಡುವವರೂ ಬರುವ ಸಾಧ್ಯತೆ ಇರುವವರನ್ನೇ ಆರಿಸಿ ಫೋನ್ ಮಾಡುತ್ತಾರೆ.

ಈಗ 2018ಕ್ಕೆ ಬನ್ನಿ. ನ್ಯೂಯಾರ್ಕ್‌ನ 14ನೇ ಸಂಸತ್ ಕ್ಷೇತ್ರ. ನ್ಯೂಯಾರ್ಕ್ ನಗರದ ವಿಭಾಗಗಳಾದ ಕ್ವೀನ್ಸ್‌ನ ಒಂದು ಭಾಗ, ಬ್ರಾಂಕ್ಸ್‌ನ ಒಂದು ಭಾಗ. ಅಲ್ಲಿನ ಸಂಸದ ಜೋ ಕ್ರೌಲಿ. ಹತ್ತು ಸಲ ಗೆದ್ದವರು. ಸಂಸತ್ತಿನ ಕೆಳಮನೆಯ ಡೆಮಾಕ್ರಟರಲ್ಲಿ ನಾಲ್ಕನೇ ಸ್ಥಾನದ ನಾಯಕ, ಮುಂದೆ ಸ್ಪೀಕರ್ ಆಗಬಹುದು ಅಂತ ಮಾತಿತ್ತು. ಜೊತೆಗೆ ಕ್ವೀನ್ಸ್ ಜಿಲ್ಲಾ ಪಕ್ಷದ ಅಧ್ಯಕ್ಷರೂ ಅವರೇ. ಅವರು ಮೊದಲ ಸಲ ಗೆದ್ದ ಕಥೆ ಕೇಳಿ, ನಿಮಗೆ ನಮ್ಮೂರಿನ ವಾಸನೆ ಬರುತ್ತದೆ. 1998ರಲ್ಲಿ ಹಿಂದಿನ ಸಂಸದ ಥಾಮಸ್ ಮ್ಯಾಂಟನ್ ಮತ್ತೆ ನಿಲ್ಲುತ್ತೇನೆ ಅಂತ ಅರ್ಜಿ ಹಾಕಿದರು. ಬೇರೆಯವರು ಅರ್ಜಿ ಹಾಕುವ ಗಡುವು ಮುಗಿಯಿತು. ಆಮೇಲೆ ಮ್ಯಾಂಟನ್ ಹಿಂದೆ ಸರಿದು, ತಮ್ಮ ಜಾಗಕ್ಕೆ ಕ್ರೌಲಿಯ ಹೆಸರು ಕೂರಿಸಿದರು. ಪ್ರೈಮರಿಯೇ ಇಲ್ಲ. ಬಿ ಫಾರಂ ನೇರವಾಗಿ ಮನೆಗೆ ಬಂದ ಹಾಗೆ! 2004ರ ನಂತರ ಹದಿನಾಲ್ಕು ವರ್ಷ ಅವರ ಎದುರು ಪ್ರೈಮರಿಯಲ್ಲಿ ಯಾರೂ ನಿಲ್ಲಲಿಲ್ಲ.

ಅಂದರೆ ಆ ಕ್ಷೇತ್ರದಲ್ಲಿ ಹದಿನೆಂಟರಿಂದ ಮೂವತ್ತು ವರ್ಷದವರೆಗಿನ ಯಾರೂ ತಮ್ಮ ಸಂಸದನ ಪ್ರೈಮರಿಯಲ್ಲಿ ಓಟು ಹಾಕಿರಲು ಸಾಧ್ಯವೇ ಇರಲಿಲ್ಲ. ಪಟ್ಟಿ ತುಕ್ಕು ಹಿಡಿದಿತ್ತು.

ಎದುರು ನಿಂತವಳು ಅಲೆಕ್ಸಾಂಡ್ರಿಯಾ ಒಕಾಸಿಯೊ-ಕೊರ್ಟೆಜ್. 28 ವರ್ಷ. ತಾಯಿ ಪೋರ್ಟೊ ರಿಕೊದವರು. ಅರ್ಥಶಾಸ್ತ್ರ ಓದಿದ್ದಳು, ಯೂನಿಯನ್ ಸ್ಕ್ವೇರ್ ಹತ್ತಿರ ಒಂದು ಬಾರ್‌ನಲ್ಲಿ ಕೆಲಸ ಮಾಡುತ್ತಿದ್ದಳು. 2016ರಲ್ಲಿ ಅಧ್ಯಕ್ಷ ಹುದ್ದೆಯ ಪ್ರೈಮರಿಗೆ ನಿಂತಿದ್ದ ಎಡಪಂಥೀಯ ಸೆನೆಟರ್ ಬರ್ನಿ ಸ್ಯಾಂಡರ್ಸ್ ಪರವಾಗಿ ಪ್ರಚಾರಕ್ಕೆ ಓಡಾಡಿದ್ದಳು. ಏಕವಚನ ಬಳಸುತ್ತಿದ್ದೇನೆ, ಕ್ಷಮಿಸಿ. ನನ್ನ ಮಗಳಿಗಿಂತ ಚಿಕ್ಕವಳು, ಬಾಯಿಗೆ ಹಾಗೇ ಬರುತ್ತದೆ. ಕ್ರೌಲಿ ಖರ್ಚು ಮಾಡಿದ್ದು ಮೂವತ್ತು ಲಕ್ಷ ಡಾಲರ್‌ಗೂ ಜಾಸ್ತಿ. ಈಕೆಯದ್ದು ಎರಡು ಲಕ್ಷದ ಆಸುಪಾಸು, ಅದೂ ಹೆಚ್ಚಿನದು ಸಣ್ಣ ಸಣ್ಣ ದೇಣಿಗೆ. ಮತದಾನಕ್ಕೆ ಮೂರು ವಾರ ಇದ್ದಾಗ ಕ್ರೌಲಿಯವರ ಸ್ವಂತ ಸಮೀಕ್ಷೆ ಅವರು ಶೇಕಡಾ 36 ಅಂಶ ಮುಂದಿದ್ದಾರೆ ಅಂತ ತೋರಿಸಿತ್ತು. ಬ್ರಾಂಕ್ಸ್‌ನಲ್ಲಿ ನಡೆದ ಒಂದು ಚರ್ಚೆಗೆ ಅವರು ಬರಲೇ ಇಲ್ಲ, ಬದಲಿಗೆ ಮಾಜಿ ಕೌನ್ಸಿಲ್ ಸದಸ್ಯೆಯೊಬ್ಬರನ್ನು ಕಳಿಸಿದರು. ಮದುವೆಗೆ ಗಂಡಿನ ಬದಲು ಗಂಡಿನ ಚಿಕ್ಕಪ್ಪ ಬಂದ ಹಾಗೆ.

ಜೂನ್ 26ರ ರಾತ್ರಿ ಅವಳು ಟಿವಿ ಪರದೆ ನೋಡಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ ದೃಶ್ಯ ನೀವು ನೋಡಿರುತ್ತೀರಿ. ಅದಕ್ಕಿಂತ ನನಗೆ ಇಷ್ಟ ಆಗಿದ್ದು ಅವಳ ಚಪ್ಪಲಿ. ಅಲ್ಲ, ಶೂ. ಗೆದ್ದ ಮೇಲೆ ಮನೆ ಮನೆ ತಿರುಗಿದ ಒಂದು ಜೊತೆ ಶೂಗಳ ಫೋಟೊ ಹಾಕಿದಳು. ಅಟ್ಟೆ ಸವೆದು ತೂತು ಬಿದ್ದಿತ್ತು. ಆಮೇಲೆ ಕಾರ್ನೆಲ್ ವಿಶ್ವವಿದ್ಯಾಲಯದ ಒಂದು ಪ್ರದರ್ಶನದಲ್ಲಿ ಆ ಶೂ ಇಟ್ಟರು. ಉತ್ಸಾಹ ಅಂದರೆ ಎಲ್ಲರೂ ಮುಖ ತೋರಿಸುತ್ತಾರೆ. ಅಟ್ಟೆ ತೋರಿಸುವುದು ಸರಿ ಅಂತ ನನಗೆ ಅನಿಸುತ್ತದೆ.

ಲೆಕ್ಕ ನೋಡಿ. ಅವಳಿಗೆ 16,898 ಓಟು. ಕ್ರೌಲಿಗೆ 12,880. ಸುಮಾರು ಏಳು ಲಕ್ಷ ಜನ ಇರುವ ಕ್ಷೇತ್ರ! ನೋಂದಾಯಿತ ಡೆಮಾಕ್ರಟರಲ್ಲಿ ಓಟು ಹಾಕಿದವರು ನೂರಕ್ಕೆ ಹದಿಮೂರರ ಆಸುಪಾಸು. ಅಂತರ ನಾಲ್ಕು ಸಾವಿರ ಚಿಲ್ಲರೆ. ನಮ್ಮಲ್ಲಿ ಒಂದು ಕಾರ್ಪೊರೇಶನ್ ವಾರ್ಡಿನ ಲೆಕ್ಕ ಇದು. ಲೋಕಸಭೆಯ ಲೆಕ್ಕ ಅಲ್ಲವೇ ಅಲ್ಲ. ಇಡೀ ದೇಶ ಬೆಚ್ಚಿ ಬಿತ್ತು ಅಂತ ಬರೆದರು. ಬೆಚ್ಚಿ ಬೀಳಿಸಲು ಬೇಕಾಗಿದ್ದು ನಾಲ್ಕು ಸಾವಿರ ಜನ. ಅದು ಗೊತ್ತಿದ್ದರೆ ಯಾರು ಬೇಕಾದರೂ ಮಾಡಬಹುದಿತ್ತು ಅಂತ ಅನಿಸುತ್ತದೆ. ಆದರೆ ಪಟ್ಟಿಯಲ್ಲಿ ಕೆಂಪು ಗೆರೆ ಇಲ್ಲದ ನಾಲ್ಕು ಸಾವಿರ ಜನರನ್ನು ಮನೆಯಿಂದ ಹೊರಗೆ ಕರೆದು ತರುವುದು ಅಷ್ಟು ಸುಲಭವಲ್ಲ. ಮಗಳ ಮದುವೆಗೆ ನಾನೂರು ಜನರನ್ನು ಕರೆದಾಗ ನನಗೆ ಅದು ಗೊತ್ತಾಗಿದೆ.

ಎರಡು ವರ್ಷ ಬಿಟ್ಟು ಪಕ್ಕದ ಕ್ಷೇತ್ರದಲ್ಲಿ ಇದೇ ಕಥೆ. ಹದಿನಾರು ಸಲ ಗೆದ್ದ ಎಲಿಯಟ್ ಎಂಗಲ್, ಎದುರಿಗೆ ಶಾಲಾ ಮುಖ್ಯೋಪಾಧ್ಯಾಯ ಜಮಾಲ್ ಬೋಮನ್. ಬ್ರಾಂಕ್ಸ್‌ನಲ್ಲಿ ಒಂದು ಸಭೆ, ಎಂಗಲ್‌ಗೆ ಮಾತಾಡಲು ಅವಕಾಶ ಬೇಕು. ಪ್ರೈಮರಿ ಇರದಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ ಅಂದುಬಿಟ್ಟರು. ಮೈಕ್ ಆನ್ ಇತ್ತು. ಅವರು ಸೋತರು.

ಇನ್ನು 2025. ಇದಕ್ಕೆ ಸ್ವಲ್ಪ ಜಾಸ್ತಿ ಸಮಯ ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಆ ಜೂನ್‌ನಲ್ಲಿ ನಾನು ಅಲ್ಲೇ ಇದ್ದೆ. ಮಗಳ ಮನೆ ಕ್ವೀನ್ಸ್‌ನ ಜಾಕ್ಸನ್ ಹೈಟ್ಸ್‌ನಲ್ಲಿ. ನೀವು ಹೋದರೆ ಗೊತ್ತಾಗುತ್ತದೆ, 74ನೇ ಬೀದಿಯಲ್ಲಿ ಇಳಿದರೆ ಚಿಕ್ಕಪೇಟೆಗೆ ಬಂದ ಹಾಗೆ. ಸೀರೆ ಅಂಗಡಿ, ಬಂಗಾರದಂಗಡಿ, ಕರಿಬೇವು, ನುಗ್ಗೆಕಾಯಿ. ತಲೆ ಮೇಲೆ ಕಬ್ಬಿಣದ ಸೇತುವೆ, ಅದರ ಮೇಲೆ 7ನೇ ನಂಬರಿನ ರೈಲು. ಇಡ್ಲಿ ದೋಸೆ ಬೇಕು ಅನಿಸಿದರೆ ಅದೇ ರೈಲು ಹತ್ತಿ ಫ್ಲಶಿಂಗ್‌ಗೆ ಹೋದರೆ ಗಣೇಶನ ದೇವಸ್ಥಾನ, ಅದರ ಕೆಳಗೇ ಕ್ಯಾಂಟೀನು. ದೋಸೆ ಚೆನ್ನಾಗಿರುತ್ತದೆ. ಚಟ್ನಿಯ ಬಗ್ಗೆ ನಾನು ಮಾತಾಡುವುದಿಲ್ಲ.

ಆ ವರ್ಷ ನ್ಯೂಯಾರ್ಕ್ ಮೇಯರ್ ಚುನಾವಣೆಯ ಪ್ರೈಮರಿ. ಮುಂದಿದ್ದವರು ಆಂಡ್ರ್ಯೂ ಕುವೊಮೊ. ಹತ್ತು ವರ್ಷಕ್ಕೂ ಜಾಸ್ತಿ ರಾಜ್ಯಪಾಲರಾಗಿದ್ದವರು. ಅಲ್ಲಿ ರಾಜ್ಯಪಾಲ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಅವರ ತಂದೆಯೂ ಅದೇ ಹುದ್ದೆಯಲ್ಲಿದ್ದವರು. ಲೈಂಗಿಕ ಕಿರುಕುಳದ ಆರೋಪಗಳ ಬಗ್ಗೆ ರಾಜ್ಯದ ಅಟಾರ್ನಿ ಜನರಲ್ ವರದಿ ಬಂದ ಮೇಲೆ 2021ರಲ್ಲಿ ರಾಜೀನಾಮೆ ಕೊಟ್ಟಿದ್ದರು, ಆರೋಪಗಳನ್ನು ಅವರು ಒಪ್ಪಿರಲಿಲ್ಲ. ಎದುರು ನಿಂತವರು ಹಲವರು. ಅದರಲ್ಲಿ ಒಬ್ಬ ಜೊಹ್ರಾನ್ ಮಮ್ದಾನಿ. 33 ವರ್ಷ, ಕ್ವೀನ್ಸ್‌ನ ಅಸ್ಟೋರಿಯಾದ ಶಾಸಕ, ಹುಟ್ಟಿದ್ದು ಉಗಾಂಡದ ಕಂಪಾಲಾದಲ್ಲಿ, ಚಿತ್ರ ನಿರ್ದೇಶಕಿ ಮೀರಾ ನಾಯರ್ ಅವರ ಮಗ. ತನ್ನನ್ನು ಸಮಾಜವಾದಿ ಅಂತ ಕರೆದುಕೊಳ್ಳುವವನು. ಫೆಬ್ರವರಿಯ ಒಂದು ಸಮೀಕ್ಷೆಯಲ್ಲಿ ಅವನಿಗೆ ಸಿಕ್ಕಿದ್ದು ನೂರಕ್ಕೆ ಒಂದು.

ಅವನು ಶುರು ಮಾಡಿದ್ದು ಎಲ್ಲಿಂದ ನೋಡಿ. 2024ರ ನವೆಂಬರ್‌ನಲ್ಲಿ ಟ್ರಂಪ್ ಗೆದ್ದ ಮೇಲೆ ಒಂದು ಮೈಕ್ ಹಿಡಿದುಕೊಂಡು ಬ್ರಾಂಕ್ಸ್‌ನ ಫೋರ್ಡ್‌ಹ್ಯಾಮ್ ರೋಡ್‌ಗೆ, ಕ್ವೀನ್ಸ್‌ನ ಹಿಲ್‌ಸೈಡ್ ಅವೆನ್ಯೂಗೆ ಹೋದ. ಬೀದಿಯಲ್ಲಿ ನಿಂತು, ಯಾರಿಗೆ ಓಟು ಹಾಕಿದಿರಿ, ಹಾಕಲಿಲ್ಲವಾದರೆ ಯಾಕೆ ಅಂತ ಕೇಳಿದ. ಭಾಷಣ ಇಲ್ಲ. ಅವರು ಹೇಳಿದ್ದನ್ನು ಕೇಳಿಸಿಕೊಂಡ. ಹಲವರ ಬಾಯಲ್ಲಿ ಬಂದ ಮಾತು: ಬೆಲೆ.

ಆಮೇಲೆ ಜನವರಿಯಲ್ಲಿ ತಳ್ಳುಗಾಡಿಯವರ ಹತ್ತಿರ ಹೋದ. ನ್ಯೂಯಾರ್ಕ್ ಬೀದಿಗಳಲ್ಲಿ ಗಾಡಿ ಇಟ್ಟುಕೊಂಡು ಕೋಳಿ ಅನ್ನ ಮಾರುತ್ತಾರೆ, ಹಲಾಲ್ ಗಾಡಿ ಅನ್ನುತ್ತಾರೆ. ಒಂದು ತಟ್ಟೆಗೆ ಹತ್ತು ಡಾಲರ್ ಯಾಕೆ ಆಯಿತು ಅಂತ ಕೇಳಿದ. ಉತ್ತರ ಏನು ಗೊತ್ತಾ? ಗಾಡಿ ಇಡಲು ನಗರ ಕೊಡುವ ಪರ್ಮಿಟ್ಟಿನ ಶುಲ್ಕ ಕೆಲವೇ ನೂರು ಡಾಲರ್. ಆದರೆ ಪರ್ಮಿಟ್‌ಗಳ ಸಂಖ್ಯೆಗೆ ಮಿತಿ ಇದೆ, ಹೊಸಬರಿಗೆ ಸಿಗುವುದಿಲ್ಲ. ಹಾಗಾಗಿ ಹಳೇ ಪರ್ಮಿಟ್ ಇದ್ದವರಿಂದ ಕಾಳಸಂತೆಯಲ್ಲಿ ಸಾವಿರಾರು ಡಾಲರ್ ಕೊಟ್ಟು ಬಾಡಿಗೆಗೆ ಪಡೆಯುತ್ತಾರೆ. ಆ ದುಡ್ಡು ಅನ್ನದ ತಟ್ಟೆಯ ಮೇಲೆ ಬಂದು ಕೂರುತ್ತದೆ. ಪರ್ಮಿಟ್ ನೇರವಾಗಿ ಸಿಕ್ಕರೆ ಎಂಟು ಡಾಲರ್‌ಗೆ ಕೊಡುತ್ತೀರಾ ಅಂತ ಕೇಳಿದ. ಕೊಡುತ್ತೇವೆ ಅಂದರು. ಒಂದೂವರೆ ನಿಮಿಷದಲ್ಲಿ ಒಂದು ತಟ್ಟೆ ಅನ್ನದಿಂದ ನಗರಸಭೆಯ ಕಾನೂನಿನವರೆಗೆ ಕರೆದುಕೊಂಡು ಹೋದ. ಮೂವತ್ತು ವರ್ಷ ಪಾಠ ಮಾಡಿದ ನನಗೆ ಹೊಟ್ಟೆಕಿಚ್ಚು ಆಯಿತು, ಸುಳ್ಳು ಯಾಕೆ ಹೇಳಲಿ.

ಬೇಡಿಕೆಗಳೂ ಹಾಗೇ, ಬಾಯಲ್ಲಿ ಹೇಳಿಕೊಳ್ಳಬಹುದಾದವು. ಬಾಡಿಗೆ ನಿಯಂತ್ರಣ ಇರುವ ಮನೆಗಳ ಬಾಡಿಗೆ ಏರಿಸುವುದಿಲ್ಲ. ಬಸ್ಸು ಫ್ರೀ. ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಫ್ರೀ. ಬಸ್ಸು ಫ್ರೀ ಅಂದ ತಕ್ಷಣ ನೀವೆಲ್ಲ ನಗುತ್ತಿದ್ದೀರಿ, ನಮಗೆ ಶಕ್ತಿ ಯೋಜನೆ ಗೊತ್ತಲ್ಲ. ಇದೆಲ್ಲ ಆಗುತ್ತದಾ, ದುಡ್ಡು ಎಲ್ಲಿಂದ ಅನ್ನುವ ಜಗಳ ಅಲ್ಲಿ ಈಗಲೂ ನಡೆಯುತ್ತಿದೆ. ಅದು ಬೇರೆ ಉಪನ್ಯಾಸ.

ಈಗ ಬಾಗಿಲಿಗೆ ಬರೋಣ. ಒಂದು ಭಾನುವಾರ ಮಧ್ಯಾಹ್ನ ಗಂಟೆ ಬಾರಿಸಿತು. ಮಗಳು ಮಲಗಿದ್ದಳು, ನಾನೇ ತೆಗೆದೆ. ಇಪ್ಪತ್ತೆರಡು, ಇಪ್ಪತ್ತಮೂರು ವರ್ಷದ ಹುಡುಗಿ. ಬೆನ್ನಿಗೆ ಚೀಲ, ಕೈಯಲ್ಲಿ ಫೋನು, ಬೆವರು. ಫೋನು ನೋಡಿ ಒಂದು ಹೆಸರು ಹೇಳಿ, ಇದ್ದಾರಾ ಅಂದಳು. ಆ ಹೆಸರಿನವರು ಮನೆ ಖಾಲಿ ಮಾಡಿ ಎರಡು ವರ್ಷ ಆಗಿತ್ತು! ನನಗೆ ನಗು ತಡೆಯಲಾಗಲಿಲ್ಲ. ಪಟ್ಟಿ ಅಂದರೆ ಎಲ್ಲಾ ದೇಶದಲ್ಲೂ ಒಂದೇ. ನಮ್ಮಲ್ಲಿ ಸತ್ತವರು ಇರುತ್ತಾರೆ, ಅಲ್ಲಿ ಬಿಟ್ಟು ಹೋದವರು. ನಾವು ಓಟು ಹಾಕುವ ಹಾಗಿಲ್ಲ, ಮಗಳಿಗೆ ಇನ್ನೂ ಪೌರತ್ವ ಬಂದಿಲ್ಲ ಅಂದೆ. ನಮ್ಮಲ್ಲಾದರೆ ಕಾರ್ಯಕರ್ತ ಅಷ್ಟಕ್ಕೇ ಮುಂದಿನ ಮನೆಗೆ ಹೋಗುತ್ತಿದ್ದ. ಆಕೆ ಹೋಗಲಿಲ್ಲ. ಈ ಕಟ್ಟಡದಲ್ಲಿ ಓಟು ಇರುವವರು ನಿಮಗೆ ಯಾರಾದರೂ ಗೊತ್ತಾ ಅಂತ ಕೇಳಿದಳು. ಗೊತ್ತು, ಮೂರನೇ ಮಹಡಿಯ ಚಾಚಾ ಅಂದೆ. ಅವರ ಹೆಸರು ಅವಳ ಫೋನಿನಲ್ಲಿ ಇರಲಿಲ್ಲ. ಬಾಯಲ್ಲಿ ಕೇಳಿಕೊಂಡು ಹತ್ತಿ ಹೋದಳು.

ಆ ಚಾಚಾ ಢಾಕಾ ಕಡೆಯವರು. ಜೀವನಪೂರ್ತಿ ಹಳದಿ ಟ್ಯಾಕ್ಸಿ ಓಡಿಸಿದವರು. ಅವರ ಜೊತೆ ನನ್ನ ಮಾತುಕತೆ ನನ್ನ ಹರಕು ಹಿಂದಿಯಲ್ಲಿ, ಅವರ ಅದಕ್ಕಿಂತ ಹರಕು ಹಿಂದಿಯಲ್ಲಿ. ಪೌರತ್ವ ಬಂದು ಎಷ್ಟೋ ವರ್ಷ, ಆದರೆ ಜೂನ್ ಚುನಾವಣೆಗೆ ಒಮ್ಮೆಯೂ ಹೋದವರಲ್ಲ. ಈ ಸಲ ಹೋಗುತ್ತೀರಾ ಅಂದೆ. ಆ ಹುಡುಗ ನಮ್ಮವರ ಜೊತೆ ಉಪವಾಸ ಕೂತಿದ್ದ ಅಂದರು. ಅದು 2021ರ ಸಂಗತಿ. ಟ್ಯಾಕ್ಸಿ ಪರ್ಮಿಟ್ಟಿಗೆ ಸಾಲ ಮಾಡಿ ಮುಳುಗಿದ್ದ ಚಾಲಕರು ಸಾಲ ಕಡಿಮೆ ಮಾಡಿ ಅಂತ ನಗರ ಸಭಾಂಗಣದ ಹೊರಗೆ ಉಪವಾಸ ಕೂತರು. ಹದಿನೈದು ದಿನ. ಮಮ್ದಾನಿ ಅವರ ಜೊತೆ ಕೂತಿದ್ದ. ಕೊನೆಗೆ ಒಪ್ಪಂದವಾಗಿ ಸಾಲ ಇಳಿಯಿತು. ಪ್ರಚಾರ ಶುರುವಾಗಿದ್ದು 2024ರಲ್ಲಿ ಅಂತ ನಾವು ಅಂದುಕೊಳ್ಳುತ್ತೇವೆ. ಚಾಚಾ ಲೆಕ್ಕದಲ್ಲಿ ಅದು ಶುರುವಾಗಿ ಮೂರೂವರೆ ವರ್ಷ ಆಗಿತ್ತು.

ಅವರಿಗೆ ಒಂದು ತೊಂದರೆ ಇತ್ತು. ಆ ಪ್ರೈಮರಿಯಲ್ಲಿ ಒಬ್ಬರಿಗೇ ಓಟು ಅಲ್ಲ. ಐದು ಜನರವರೆಗೆ ಒಂದು, ಎರಡು, ಮೂರು ಅಂತ ಕ್ರಮ ಹಾಕಬಹುದು. ಕೊನೆಯವರು ಎಣಿಕೆಯಿಂದ ಹೊರಬಿದ್ದಾಗ ಅವರ ಓಟು ಮುಂದಿನ ಆಯ್ಕೆಗೆ ಹೋಗುತ್ತದೆ. ಇದನ್ನು ಅರ್ಥ ಮಾಡಿಸಲು ಮಮ್ದಾನಿ ಹಿಂದಿ-ಉರ್ದುವಿನಲ್ಲಿ ಮಾವಿನ ಲಸ್ಸಿಯ ಲೋಟಗಳನ್ನು ಇಟ್ಟುಕೊಂಡು ಒಂದು ವಿಡಿಯೊ ಮಾಡಿದ್ದ, ಬಂಗಾಳಿಯಲ್ಲೂ ಒಂದು ಇತ್ತು. ಕನ್ನಡದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಈ ಪದ್ಧತಿಯಿಂದ ಇನ್ನೊಂದು ವಿಚಿತ್ರ ನಡೆಯಿತು. ಬ್ರಾಡ್ ಲ್ಯಾಂಡರ್ ಅನ್ನುವ ಇನ್ನೊಬ್ಬ ಅಭ್ಯರ್ಥಿ ಮತ್ತು ಮಮ್ದಾನಿ ಒಬ್ಬರಿಗೊಬ್ಬರು ಬೆಂಬಲ ಘೋಷಿಸಿದರು. ನನಗೆ ಒಂದು ಹಾಕಿ, ಅವನಿಗೆ ಎರಡು ಹಾಕಿ ಅಂತ. ಒಂದೇ ಟಿಕೆಟ್‌ಗೆ ಹೊಡೆದಾಡುವ ಇಬ್ಬರು! ನಮ್ಮಲ್ಲಿ ಒಳೇಟು ಹಾಕದಿದ್ದರೆ ಸಾಕು ಅಂತ ದೇವರಿಗೆ ಹರಕೆ ಹೊರುತ್ತಾರೆ.

ದುಡ್ಡಿನ ವಿಷಯವೂ ಹೇಳಿಬಿಡುತ್ತೇನೆ. ನ್ಯೂಯಾರ್ಕ್ ನಗರದಲ್ಲಿ ಊರಿನವರು ಕೊಡುವ ಸಣ್ಣ ದೇಣಿಗೆಗೆ ನಗರದ ಖಜಾನೆ ಎಂಟು ಪಟ್ಟು ಸೇರಿಸುತ್ತದೆ. ನೀವು ಹತ್ತು ಡಾಲರ್ ಕೊಟ್ಟರೆ ಅಭ್ಯರ್ಥಿಗೆ ತೊಂಬತ್ತು. ಖರ್ಚಿಗೂ ಮಿತಿ ಇದೆ. ಮಾರ್ಚ್‌ನಲ್ಲೇ ಮಮ್ದಾನಿ ಆ ಮಿತಿ ಮುಟ್ಟಿ, ದಯವಿಟ್ಟು ಇನ್ನು ದುಡ್ಡು ಕಳಿಸಬೇಡಿ, ಬಾಗಿಲು ತಟ್ಟಲು ಬನ್ನಿ ಅಂದ. ದುಡ್ಡು ಬೇಡ ಅಂದ ರಾಜಕಾರಣಿಯನ್ನು ನಾನು ನೋಡಿದ್ದು ಅದೇ ಮೊದಲು. ಕುವೊಮೊ ಪರವಾಗಿ ಹೊರಗಿನ ಒಂದು ಗುಂಪು ಎರಡು ಕೋಟಿ ಡಾಲರ್‌ಗೂ ಮೀರಿ ಸುರಿಯಿತು. ಅದರಲ್ಲಿ ಮಾಜಿ ಮೇಯರ್ ಬ್ಲೂಮ್‌ಬರ್ಗ್ ಒಬ್ಬರದೇ 80 ಲಕ್ಷಕ್ಕೂ ಜಾಸ್ತಿ. ಮಗಳ ಮನೆಯ ಟಿವಿಯಲ್ಲಿ ದಿನಕ್ಕೆ ಹತ್ತು ಸಲ ಅವರ ಜಾಹೀರಾತು. ಬಾಗಿಲಿಗೆ ಮಾತ್ರ ಆ ಕಡೆಯವರು ಒಬ್ಬರೂ ಬರಲಿಲ್ಲ. ಬೇರೆ ಬೀದಿಗೆ ಹೋಗಿರಬಹುದು, ನಮ್ಮ ಬಾಗಿಲ ಕಥೆ ಮಾತ್ರ ಹೇಳುತ್ತಿದ್ದೇನೆ.

ಜೂನ್ 24. ಬಿಸಿಲು 37 ಡಿಗ್ರಿ ಮುಟ್ಟಿತ್ತು. ಬಳ್ಳಾರಿಯವರು ನಗಬೇಡಿ, ಅಲ್ಲಿನವರಿಗೆ ಅದು ಪ್ರಳಯ. ಇಂಥ ದಿನ ವಯಸ್ಸಾದವರು ಬರುವುದಿಲ್ಲ ಅನ್ನುವ ಭಯ ಇತ್ತು. ಆದರೆ ಅಷ್ಟರಲ್ಲಿ ಮುಂಚಿತ ಮತದಾನದಲ್ಲೇ 3.8 ಲಕ್ಷ ಜನ ಹಾಕಿಯಾಗಿತ್ತು, 2021ರ ಎರಡರಷ್ಟು. ಚಾಚಾ ಬೆಳಿಗ್ಗೆ ಏಳಕ್ಕೇ ಹೋಗಿ ಬಂದರು. ಸಂಜೆ ಲಿಫ್ಟ್‌ನಲ್ಲಿ ಸಿಕ್ಕಾಗ ಅಂಗಿಯ ಮೇಲೆ ಓಟು ಹಾಕಿದೆ ಅನ್ನುವ ಸ್ಟಿಕರ್ ಹಾಗೇ ಇತ್ತು. ಬೆವರಿಗೆ ಅಂಚು ಸುರುಳಿ ಬಂದಿತ್ತು.

ಮೊದಲ ಎಣಿಕೆಯಲ್ಲಿ ಮಮ್ದಾನಿಗೆ ನೂರಕ್ಕೆ ಸುಮಾರು 44, ಕುವೊಮೊಗೆ 36. ಅದೇ ರಾತ್ರಿ ಕುವೊಮೊ ಸೋಲು ಒಪ್ಪಿದರು. ಒಂದು ವಾರದ ನಂತರ ಎರಡನೇ, ಮೂರನೇ ಆಯ್ಕೆಗಳನ್ನು ಸೇರಿಸಿದಾಗ 56ಕ್ಕೆ 44. ಕೊನೇ ವಾರದ ಒಂದು ದೊಡ್ಡ ಸಮೀಕ್ಷೆ ಇದನ್ನು ಸರಿಯಾಗಿ ಉಲ್ಟಾ ಹೇಳಿತ್ತು, ಕುವೊಮೊ 55, ಮಮ್ದಾನಿ 45 ಅಂತ. ಅವರದ್ದು ತಪ್ಪು ಲೆಕ್ಕ ಅಲ್ಲ, ಹಳೇ ಪಟ್ಟಿ. ಚಾಚಾಗೆ ಯಾರು ಫೋನ್ ಮಾಡಿರುತ್ತಾರೆ?

ಇಷ್ಟು ಹೇಳಿದ ಮೇಲೆ ತಣ್ಣೀರನ್ನೂ ಹಾಕಬೇಕು. ಅಷ್ಟೆಲ್ಲ ಗಲಾಟೆಯಾದರೂ ಓಟು ಹಾಕಿದವರು ಹತ್ತು ಲಕ್ಷ ಚಿಲ್ಲರೆ. ನೋಂದಾಯಿತ ಡೆಮಾಕ್ರಟರಲ್ಲಿ ನೂರಕ್ಕೆ ಮೂವತ್ತರ ಸುತ್ತಮುತ್ತ. ಉಳಿದವರು ಮನೆಯಲ್ಲೇ ಇದ್ದರು. ಉತ್ಸಾಹ ಎಲ್ಲಾ ಕಡೆ ಒಂದೇ ಸಮ ಇರಲಿಲ್ಲ. ಜೂನ್‌ನಲ್ಲಿ ಬ್ರಾಂಕ್ಸ್ ಕುವೊಮೊ ಕಡೆ ಹೋಯಿತು. ಕಪ್ಪು ಜನ ಜಾಸ್ತಿ ಇರುವ ಹಲವು ಬಡಾವಣೆಗಳೂ ಹಾಗೇ. 2018ರಲ್ಲೂ ಇದೇ ಆಗಿತ್ತು, ಅಲೆಕ್ಸಾಂಡ್ರಿಯಾಗೆ ಜೋರಾಗಿ ಓಟು ಬಿದ್ದಿದ್ದು ಅಸ್ಟೋರಿಯಾದಂಥ, ಓದಿದ ಯುವಕರು ಬಂದು ಸೇರಿಕೊಂಡ ಬೀದಿಗಳಲ್ಲಿ. ಬಡವರ ಪರ ಮಾತಾಡುವವರಿಗೆ ಮೊದಲು ಬೆಂಬಲ ಕೊಡುವವರು ಹೆಚ್ಚಾಗಿ ಬಾಡಿಗೆ ಕಟ್ಟಲು ಒದ್ದಾಡುವ ಪದವೀಧರರು. ಮಮ್ದಾನಿ ಇದನ್ನು ಗಮನಿಸಿದ ಅಂತ ಕಾಣುತ್ತದೆ, ನವೆಂಬರ್‌ನಲ್ಲಿ ಬ್ರಾಂಕ್ಸ್ ಅವನ ಕಡೆ ಬಂತು. ಕುವೊಮೊ ಪಕ್ಷೇತರನಾಗಿ ಮತ್ತೆ ನಿಂತರು, ಮತ್ತೆ ಸೋತರು. 2026ರ ಜನವರಿ 1ರಂದು ಮಮ್ದಾನಿ ಮೇಯರ್ ಆದ.

ಎಲ್ಲರಿಗೂ ಹೀಗೆ ಆಗುವುದಿಲ್ಲ. ಅದೇ ರಾಜ್ಯದ ಬಫಲೋ ನಗರ, 2021. ನಾಲ್ಕು ಸಲ ಮೇಯರ್ ಆಗಿದ್ದ ಬೈರನ್ ಬ್ರೌನ್ ಎದುರು ನರ್ಸ್ ಆಗಿದ್ದ ಇಂಡಿಯಾ ವಾಲ್ಟನ್ ಪ್ರೈಮರಿ ಗೆದ್ದರು. ಬ್ರೌನ್ ಈಕೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ, ಚರ್ಚೆಗೂ ಹೋಗಿರಲಿಲ್ಲ. ಸೋತ ಮೇಲೆ ಎಚ್ಚರವಾಯಿತು. ಅಲ್ಲಿ ಮತಪತ್ರದಲ್ಲಿ ಇಲ್ಲದ ಹೆಸರನ್ನೂ ಮತದಾರ ಕೈಯಾರೆ ಬರೆಯಬಹುದು. ಬ್ರೌನ್ ಏನು ಮಾಡಿದರು ಗೊತ್ತಾ? ತಮ್ಮ ಹೆಸರಿನ ರಬ್ಬರ್ ಸ್ಟಾಂಪ್ ಮಾಡಿಸಿ ಹಂಚಿದರು! ಜನ ಮತಗಟ್ಟೆಗೆ ಸ್ಟಾಂಪ್ ತೆಗೆದುಕೊಂಡು ಹೋಗಿ ಒತ್ತಿ ಬಂದರು. ನವೆಂಬರ್‌ನಲ್ಲಿ ಅವರು ದೊಡ್ಡ ಅಂತರದಲ್ಲಿ ಗೆದ್ದರು. ಜೂನ್‌ನ ಸಣ್ಣ ಕೆರೆಯಲ್ಲಿ ಈಜಿದವರಿಗೆ ನವೆಂಬರ್ ಸಮುದ್ರ. ಆ ಬೋಮನ್ ಮೇಷ್ಟ್ರೂ 2024ರ ಪ್ರೈಮರಿಯಲ್ಲಿ ಸೋತರು. ಅವರ ವಿರುದ್ಧ ಇಸ್ರೇಲ್ ಪರ ಗುಂಪೊಂದೇ ಒಂದು ಕೋಟಿ ಡಾಲರ್‌ಗೂ ಮೀರಿ ಖರ್ಚು ಮಾಡಿತು. ಟೆಕ್ಸಾಸ್‌ನಲ್ಲಿ ಜೆಸಿಕಾ ಸಿಸ್ನೆರೋಸ್ ಅನ್ನುವ ಯುವ ವಕೀಲೆ 2022ರಲ್ಲಿ ಹಳೇ ಸಂಸದನ ಎದುರು ಸೋತಿದ್ದು 289 ಓಟಿನಿಂದ. ಎರಡು ಮೂರು ಅಪಾರ್ಟ್‌ಮೆಂಟ್ ಕಟ್ಟಡ, ಅಷ್ಟೇ.

ನಮ್ಮವರ ಒಂದು ಕಥೆಯೂ ಇದೆ. ಶ್ರೀ ಥಾಣೇದಾರ್ ಅಂತ, ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದವರು. ಅಮೆರಿಕಕ್ಕೆ ಹೋಗಿ ವ್ಯಾಪಾರದಲ್ಲಿ ದುಡ್ಡು ಮಾಡಿದರು. 2018ರಲ್ಲಿ ಮಿಷಿಗನ್ ರಾಜ್ಯಪಾಲ ಹುದ್ದೆಯ ಪ್ರೈಮರಿಗೆ ಸ್ವಂತ ದುಡ್ಡು ಮಿಲಿಯನ್‌ಗಟ್ಟಲೆ ಡಾಲರ್ ಸುರಿದರು, ಮೂರನೇ ಸ್ಥಾನ ಬಂತು. ಅಲ್ಲಿ ಸ್ಯಾಂಡರ್ಸ್ ಬೆಂಬಲದ ಅಬ್ದುಲ್ ಎಲ್-ಸೈಯದ್ ಎರಡನೆಯವರು. 2022ರಲ್ಲಿ ಡೆಟ್ರಾಯಿಟ್‌ನ ಸಂಸತ್ ಸ್ಥಾನದ ಪ್ರೈಮರಿಯಲ್ಲಿ ಥಾಣೇದಾರ್ ಗೆದ್ದರು. ಸಿಕ್ಕಿದ್ದು ನೂರಕ್ಕೆ ಮೂವತ್ತಕ್ಕಿಂತ ಕಡಿಮೆ ಓಟು. ಎದುರಾಳಿಗಳು ಅಷ್ಟು ಜನ ಇದ್ದರು, ಓಟು ಹಂಚಿ ಹೋಯಿತು. ಅಂದರೆ ಪ್ರೈಮರಿ ಅಂದ ಮಾತ್ರಕ್ಕೆ ಉತ್ಸಾಹವೇ ಗೆಲ್ಲಬೇಕು ಅಂತೇನೂ ಇಲ್ಲ. ಲೆಕ್ಕವೂ ಗೆಲ್ಲುತ್ತದೆ.

ಚೀಟಿಯಲ್ಲಿ ಒಬ್ಬರು ಪ್ರಶ್ನೆ ಕಳಿಸಿದ್ದಾರೆ. ಮೇಷ್ಟ್ರೇ, ನಮ್ಮಲ್ಲಿ ಇದನ್ನು ಯಾರೂ ಪ್ರಯತ್ನಿಸಿಲ್ಲವಾ ಅಂತ. ಪ್ರಯತ್ನಿಸಿದ್ದಾರೆ. ಮರೆತುಹೋಗಿದೆ ಅಷ್ಟೇ. 2014ರ ಲೋಕಸಭೆ ಚುನಾವಣೆಗೆ ಮುಂಚೆ ಕಾಂಗ್ರೆಸ್‌ನಲ್ಲಿ ರಾಹುಲ್ ಗಾಂಧಿ ಅಮೆರಿಕದ ಮಾದರಿಯಲ್ಲಿ ಪ್ರೈಮರಿ ಮಾಡಿಸಿದರು. ಇಡೀ ದೇಶದಲ್ಲಿ ಹದಿನೈದು ಹದಿನಾರು ಕ್ಷೇತ್ರ. ಅದರಲ್ಲಿ ಎರಡು ನಮ್ಮವೇ, ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ. ಓಟು ಹಾಕಿದವರು ಯಾರು? ಬ್ಲಾಕ್ ಸಮಿತಿಯವರು, ಜಿಲ್ಲಾ ಸಮಿತಿಯವರು, ಹಾಲಿ ಮಾಜಿ ಪದಾಧಿಕಾರಿಗಳು. ನನ್ನಂಥವನ, ನಿಮ್ಮಂಥವರ ಮನೆ ಬಾಗಿಲಿಗೆ ಯಾರೂ ಬರಲಿಲ್ಲ, ಬರುವ ಅಗತ್ಯವೂ ಇರಲಿಲ್ಲ. ಎಲ್ಲರೂ ಒಬ್ಬರಿಗೊಬ್ಬರು ಗೊತ್ತಿರುವವರೇ. ಪಟ್ಟಿಯಲ್ಲಿ ಇದ್ದವರನ್ನು ಕರೆದರು, ಪಟ್ಟಿಯಲ್ಲಿ ಇದ್ದವರು ಬಂದರು. ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ, ದಕ್ಷಿಣ ಕನ್ನಡದಲ್ಲಿ ಜನಾರ್ದನ ಪೂಜಾರಿ ಅಭ್ಯರ್ಥಿಯಾದರು. ಚುನಾವಣೆಯಲ್ಲಿ ಇಬ್ಬರೂ ಸೋತರು. 2019ರಲ್ಲಿ ಟಿಕೆಟ್ ಮತ್ತೆ ದೆಹಲಿಯಿಂದಲೇ ಬಂತು. ಪ್ರೈಮರಿ ಏನಾಯಿತು ಅಂತ ಯಾರೂ ಕೇಳಲಿಲ್ಲ.